ಇಕ್ಕಳ ವಾರೆ ಹಿಡಿದ ಅಳತೆಕಡ್ಡಿ

ಅವರಿಗೆ ಇಕ್ಕಳ ಎಂದು ಅಡ್ಡಹೆಸರಿಟ್ಟ ರೇಸಿನವರೇ ಅವರ ಮುಂದಿನ ಹಲ್ಲನ್ನೂ ಉದುರಿಸಿದ್ದರು. ವಾರವಿಡೀ ಲೇತ್ ಮಿಷನ್ನಿನ ಮುಂದೆ ನಿಂತು ದುಡಿದು, ಭಾನುವಾರ ಹವ್ಯಾಸಿಗಳ ಕಾರ್ ರೇಸಿನಲ್ಲಿ ಗೆದ್ದ ಕಾರುಗಳನ್ನು ಬಿಚ್ಚಿಸಿ ನೋಡುವುದು ಅವರ ಪಾಲಿಗೆ ಬಂದ ಕೆಲಸ. ನಿಯಮ ಮೀರಿದ ಸಾಮಾನು ಸಿಕ್ಕಿದರೆ ಕಿತ್ತು, ಎಲ್ಲರೆದುರೇ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕುವರು. ಅದಕ್ಕಾಗಿ ಒಬ್ಬ ಮುಖಕ್ಕೆ ಗುದ್ದಿದ್ದ, ಇನ್ನೊಬ್ಬ ಪಾದದ ಮೇಲೆ ಕಾರು ಹತ್ತಿಸಿದ್ದ.

ಆ ಭಾನುವಾರ ಗೆದ್ದದ್ದು ಅವರ ಅಳಿಯ.

"ಇವತ್ತು ತಪಾಸಣೆ ಅಲ್ಲ ಕಣ್ರೋ, ಅಳಿಯನ ಉಪಚಾರ!" ಎಂದು ಮೆಕ್ಯಾನಿಕ್‌ಗಳು ನಕ್ಕರು.

ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಎಲ್ಲರೂ ಒಂದೇ ಅಳತೆಯ ತೂತಿರುವ ಬಿಲ್ಲೆ ಹಾಕಬೇಕು. ತೂತು ಹಿಗ್ಗಿಸಿದರೆ ಕಾರಿಗೆ ಕಸುವು ಜಾಸ್ತಿ. ಇಕ್ಕಳ ಅವರ ಉಕ್ಕಿನ ಅಳತೆಕಡ್ಡಿ ತೂತಿನೊಳಗೆ ಇಳಿದರೆ ಗೆಲುವು ಹೋಯಿತು.

ಬಿಲ್ಲೆ ಕೊಡುತ್ತಾ ಅಳಿಯ ಕಿವಿಯ ಹತ್ತಿರ ಬಗ್ಗಿದ. "ಮಾವ, ನೋಡ್ಕೊಂಡು ಅಳೀರಿ. ಆಮೇಲೆ ನನ್ ಜೊತೆ ಮನೆಗೆ ಬರೋದು ನಿಮ್ಮ ಮಗಳು."

ಶೆಡ್ಡಿನ ಬಾಗಿಲಲ್ಲಿ ಮಗಳು ಕೂಸನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಆ ಸೆಕೆಯಲ್ಲೂ ತುಂಬುತೋಳಿನ ರವಿಕೆ. ಯಾಕೆಂದು ಕೇಳಿದ್ದಕ್ಕೆ ಹಿಂದೊಮ್ಮೆ "ಸೊಳ್ಳೆ ಕಾಟ ಅಪ್ಪಾ" ಅಂದಿದ್ದಳು. ಕೂಸು ತೋಳು ಹಿಡಿದಾಗಲೆಲ್ಲ ಅವಳ ಮುಖ ಹಿಂಡಿಕೊಳ್ಳುತ್ತಿತ್ತು. ಇಕ್ಕಳ ಅದನ್ನೊಮ್ಮೆ ನೋಡಿ ಕಡ್ಡಿ ಎತ್ತಿಕೊಂಡರು.

ತುಸು ವಾರೆ ಹಿಡಿದರೆ ಎಂಥ ಕಡ್ಡಿಯೂ ಇಳಿಯದೆ ಸಿಕ್ಕಿಕೊಳ್ಳುತ್ತದೆ. ಜೀವಮಾನದಲ್ಲೇ ಮೊದಲ ಸಲ ಇಕ್ಕಳ ವಾರೆ ಹಿಡಿದರು.

"ಅಪ್ಪಾ, ನೆಟ್ಟಗೆ ಹಿಡಿ," ಅಂದಳು ಮಗಳು.

"ಬಾಯ್ ಮುಚ್ಚೇ!" ಅಳಿಯ ಸ್ಪ್ಯಾನರ್ ಎತ್ತಿ ಅವಳತ್ತ ನುಗ್ಗಿದ. ಇಕ್ಕಳ ಅಡ್ಡ ಬಂದರು. ಮೊದಲ ಏಟಿಗೆ ಮುಂಗೈ ಮೂಳೆ ಲಟಕ್ಕೆಂದಿತು. ಎರಡನೆಯದು ಹುಬ್ಬು ಸೀಳಿತು, ರಕ್ತ ಕಣ್ಣಿಗಿಳಿಯಿತು. ಆದರೂ ಎಡಗೈಯಲ್ಲಿ ಅವನ ಕಾಲರ್ ಹಿಡಿದವರು ಬಿಡಲಿಲ್ಲ. ಮೆಕ್ಯಾನಿಕ್‌ಗಳು ಓಡಿಬಂದು ಅವನನ್ನು ನೆಲಕ್ಕೆ ಕೆಡವಿ, ಗುದ್ದಿ, ಬೆನ್ನ ಮೇಲೆ ಕೂತರು.

"ಮನೆಗೆ ಬಾ, ಗ್ರಹಚಾರ ಬಿಡಿಸ್ತೀನಿ!" ಮಣ್ಣು ಉಗುಳುತ್ತಲೇ ಅವನು ಅರಚಿದ.

ಮಗಳು ಕೂಸನ್ನು, ನೆಲಕ್ಕೆ ಕುಸಿದು ಕೂತಿದ್ದ ಅಪ್ಪನ ತೊಡೆಗೆ ಹಾಕಿದಳು. "ಒಂದು ಕೈ ಇದೆಯಲ್ಲ, ಹಿಡ್ಕೊ." ಬಿಲ್ಲೆ ಎತ್ತಿ ಕಡ್ಡಿಯನ್ನು ನೆಟ್ಟಗೆ ಬಿಟ್ಟಳು. ಅದು ಸರ್ರನೆ ಇಳಿದು ನೆಲಕ್ಕೆ ಟಣ್ಣೆಂದು ಬಿತ್ತು.

ಆಮೇಲೆ ಸುತ್ತಿಗೆ ತೆಗೆದುಕೊಂಡು ಗೋಡೆಗೆ ಮೊಳೆ ಹೊಡೆದಳು. ಒಂದೊಂದು ಪೆಟ್ಟಿಗೂ ರವಿಕೆಯ ತೋಳು ಮೇಲೆ ಸರಿದು, ಕಪ್ಪುಗಟ್ಟಿದ ಬೆರಳಚ್ಚುಗಳು ಎಲ್ಲರಿಗೂ ಕಂಡವು. ಯಾರೂ ನಗಲಿಲ್ಲ.

ಬಿಲ್ಲೆ ತೂಗುಹಾಕಿ ತಿರುಗಿದಳು. "ನಡಿ ಅಪ್ಪಾ, ನಮ್ಮನೆಗೆ."

"ಮೊದಲು ಆಸ್ಪತ್ರೆಗೆ ಕಣೇ," ಅಂದರು ಇಕ್ಕಳ.