ಇಬ್ಬರ ಬಾಯಲ್ಲೂ ಒಂದೇ ಭಯ

ಕಳೆದ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಸಾಗರದ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಉಪನ್ಯಾಸಕಿ. ರಾಜಕೀಯ ಹೊಡೆದಾಟವನ್ನು ಸಾಮಾನ್ಯ ಜನ ಏಕೆ ಒಪ್ಪುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಆಗ ತೀರ್ಥಹಳ್ಳಿ ಬಳಿಯ ಮೇಳಿಗೆ ಕಡೆಯ ಹಳ್ಳಿಯೊಂದರಲ್ಲಿ ಯಾರೋ ಒಂದು ಪಕ್ಷದ ಧ್ವಜಕಂಬ ಮುರಿದರು. ಭಾನುವಾರ ದೊಣ್ಣೆ ಹಿಡಿದೇ ಮೆರವಣಿಗೆ ಎಂದು ಆ ಪಕ್ಷದವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತೀರ್ಮಾನವಾಯಿತು. ಪೊಲೀಸರಿಗೂ ಸುದ್ದಿ ಮುಟ್ಟಿತ್ತು.

ಗ್ರೂಪ್ ನಡೆಸುತ್ತಿದ್ದವನು ಆ ಹಳ್ಳಿಯವನೇ ಆದ ಸುಧಾಕರ. ತೀರ್ಥಹಳ್ಳಿಯಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಶುಕ್ರವಾರ ಅಲ್ಲಿಗೆ ಹೋಗಿ ಮಾತಾಡಿಸಿದೆ.

"ಹೊಡೆಯೋ ಆಸೆ ನಂಗೇನಿಲ್ಲ ಮೇಡಂ. ಆದ್ರೆ ಅವ್ರು ರೆಡಿಯಾಗಿ ಕೂತಿದಾರೆ. ನಾವು ಸುಮ್ನಿದ್ರೆ ಊರಲ್ಲಿ ತಲೆ ಎತ್ತಕ್ಕೆ ಬಿಡ್ತಾರಾ?"

ಅದೇ ಹಳ್ಳಿಯ ಎದುರು ಪಕ್ಷದ ಮುಂದಾಳು ಗಣಪತಿ, ಜೀಪ್ ಚಾಲಕ. ಶನಿವಾರ ಬೆಳಿಗ್ಗೆ ಬಾಡಿಗೆಗೆಂದು ಹೊಸನಗರಕ್ಕೆ ಬಂದಿದ್ದ ಅವನು ತಾಲ್ಲೂಕು ಕಚೇರಿಯೆದುರು ಸಿಕ್ಕಿದ. ತನಗೆ ಜಗಳ ಬೇಡ, ಅವರು ಬಿಡುವುದಿಲ್ಲ, ಅದಕ್ಕೇ ತಮ್ಮವರೂ ತಯಾರಾಗಿದ್ದಾರೆ ಎಂದ. ಪಕ್ಷದ ಹೆಸರೊಂದು ಬಿಟ್ಟರೆ ಸುಧಾಕರನ ಉತ್ತರವೇ!

ಒಬ್ಬರ ಸಂದರ್ಶನದ ರೆಕಾರ್ಡಿಂಗನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಕೇಳಿಸುವಂತಿಲ್ಲ. ಇದನ್ನು ಸುಧಾಕರನಿಗೆ ಕೇಳಿಸಲೇ ಎಂದೆ. ಗಣಪತಿ, ಕೇಳಿಸಿ ಎಂದ. ಸಿಕ್ಕಿದ ಬಸ್ಸು ಹತ್ತಿದೆ. ತೀರ್ಥಹಳ್ಳಿ ಮುಟ್ಟುವವರೆಗೂ ಸೀಟಿನಲ್ಲಿ ಕೂರಲಾಗಲಿಲ್ಲ.

ಸುಧಾಕರ ರೆಕಾರ್ಡಿಂಗ್ ಕೇಳಿದ. ಇನ್ನೊಮ್ಮೆ ಹಾಕಿಸಿಕೊಂಡ.

"ಇದು ನಿಜ ಇರ್ಬೋದು. ಆದ್ರೆ ಈಗ ದೊಣ್ಣೆ ಬೇಡ ಅಂದ್ರೆ ನಮ್ಮೋರೇ ನನ್ನ ಹೇಡಿ ಅಂತಾರೆ."

"ಗ್ರೂಪ್ ಬಿಟ್ಟು, ಒಬ್ಬೊಬ್ಬರನ್ನೇ ಕೇಳಿದ್ದೀರಾ?"

ಕೇಳಿರಲಿಲ್ಲ. ನನ್ನೆದುರೇ ಫೋನ್ ತೆಗೆದು ಒಬ್ಬೊಬ್ಬರಿಗೇ ಕರೆ ಮಾಡತೊಡಗಿದ. ಒಬ್ಬ ಬೈದು ಫೋನಿಟ್ಟ. ಉಳಿದ ಹೆಚ್ಚಿನವರು ಮೊದಲು ತಡವರಿಸಿ, ಕೊನೆಗೆ ನಿಟ್ಟುಸಿರು ಬಿಟ್ಟು, ದೊಣ್ಣೆ ಬೇಡ ಎಂಬುದಕ್ಕೆ ಒಪ್ಪಿದರು. ಗ್ರೂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಬರೆಯುತ್ತಿದ್ದವನಂತೂ, ನೀನು ಹೇಳಲಿ ಅಂತಲೇ ಕಾಯ್ತಿದ್ದೆ ಎಂದನಂತೆ. ಕುಣಿದಾಡುವಷ್ಟು ಖುಷಿಯಾಯಿತು ನನಗೆ.

ಭಾನುವಾರ ಮೆರವಣಿಗೆ ಹೊರಟಿತು, ಬರಿಗೈಯಲ್ಲಿ. ಘೋಷಣೆ ಖಾರವಾಗಿಯೇ ಇತ್ತು. ಆದರೂ ಬರಿಗೈ ಕಂಡು ಗಣಪತಿ ಮತ್ತು ಅವನ ಕಡೆಯವರು ರಸ್ತೆ ಬದಿ ಕೈಕಟ್ಟಿ ನಿಂತರು. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಒಂದು ಕಲ್ಲೂ ಬೀಳಲಿಲ್ಲ.

ಎಲ್ಲ ಊರಲ್ಲೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ಹೊಡೆಯಲೇಬೇಕೆಂದು ಹೊರಡುವವರೂ ಇರುತ್ತಾರೆ. ಆದರೆ ಅವರ ಹಿಂದೆ ನಿಲ್ಲುವ ಗುಂಪಿನಲ್ಲಿ ಎದುರಿನವರಿಗೆ ಹೆದರಿದವರು, ತಮ್ಮವರಿಗೇ ಹೆದರಿದವರು ಎಷ್ಟೋ ಜನ. ಅವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಬೇಕು. ಅದೂ ಭಾನುವಾರಕ್ಕೆ ಮೊದಲೇ.