ಯುರೋಪಿಗೆ ಬಿಡಾರ ಹೊಂದಿಸಿದ ಬೆಳವಣಕಿಯ ಶೇಖವ್ವ

ಒದ್ದೆ ಪರದೆಯ ವಾಸನೆ ಎಂದರೆ ಶೇಖವ್ವನಿಗೆ ಇಂದಿಗೂ ಬಾಲ್ಯವೇ. ನಾಟಕ ಕಂಪನಿಯ ಪರದೆಗಳಿಗೆ ಬಳಿದ ಸರಸಿನ ಅಂಟು, ಸುಣ್ಣ, ಅರಮನೆಯ ಕಂಬಗಳಿಗೆ ಹಚ್ಚಿದ ಹಳದಿ ಮಣ್ಣು, ಎಲ್ಲವೂ ಮಳೆಯಲ್ಲಿ ನೆನೆದಾಗ ಮೂಗಿಗೆ ಹುಳಿಹುಳಿಯಾಗಿ ಬಡಿಯುತ್ತಿತ್ತು. ಆ ಪರದೆಗಳನ್ನು ಸುತ್ತಿ ರೈಲಿಗೆ ಏರಿಸುವುದು ಅಪ್ಪನ ಕೆಲಸ. ಸುತ್ತಿದ ಪರದೆಯ ಮೇಲೆಯೇ ನಿದ್ದೆ ಮಾಡಿಕೊಂಡು ಊರೂರು ತಿರುಗಿದವಳು ಮಗಳು. "ತೊಟ್ಟಲದಾಗ ಮಲಗಿದ್ದು ನೆಪ್ಪಿಲ್ರಿ. ಅರಮನಿ ಮ್ಯಾಲ ಮಲಗಿದ್ದು ನೆಪ್ಪೈತಿ," ಎಂದು ನಗುತ್ತಾಳೆ.

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ರೋಣದ ಜನ ರೈಲು ಹಿಡಿಯಲು ಬರುವ ಮಲ್ಲಾಪುರ ಸ್ಟೇಶನ್ನಿನಲ್ಲಿ ಶೇಖವ್ವ ಆಗಲೇ ಕೆಲಸಕ್ಕೆ ನಿಂತಿದ್ದಾಳೆ. ರಾತ್ರಿ ಮಳೆ ಬಿದ್ದು ಎರೆಹೊಲಗಳು ಕಪ್ಪಗೆ ಮಿನುಗುತ್ತಿವೆ, ಆಚೆ ಹೆಸರಿನ ಬೆಳೆ ಹೂ ಬಿಟ್ಟಿದೆ. ಎರಡು ಬಂಡಿಗಳಿಗೆ ಒಣಹುಲ್ಲು ಹಾಸಿಸಿ, ಮೇಲೆ ಗೋಣಿತಟ್ಟು ಹೊದಿಸಿ, ಅಂಗೈಯಿಂದ ಒತ್ತಿ ನೋಡುತ್ತಾಳೆ. ತಂಪು ತಗುಲಿದಲ್ಲಿ ಇನ್ನೊಂದು ತಟ್ಟು. "ಮನಷ್ಯಾರು ನೆನದ್ರ ಒಣಗತಾರ. ಕರಡಿ ನೆನದ್ರ ಮಾತ ಬಿಡತೈತಿ," ಎನ್ನುತ್ತಾಳೆ.

ಕರಡಿ ಎಂದರೆ ಇಲ್ಲಿ ಕಾಡಿನ ಪ್ರಾಣಿಯಲ್ಲ, ಕೊರಳಿಗೆ ಜೋತುಬಿಟ್ಟು ಎರಡೂ ಕಡೆ ಬಾರಿಸುವ ದೊಡ್ಡ ಚರ್ಮವಾದ್ಯ. ಶಹನಾಯಿ, ತಾಳ ಜೊತೆಗೂಡಿದರೆ ಅದೇ ಕರಡಿ ಮಜಲು. ಬೆಳವಣಕಿಯ ಕನಕಪ್ಪನ ಮೇಳ ಆ ಕರಡಿಯನ್ನು ಹೊತ್ತುಕೊಂಡು ಯುರೋಪಿಗೆ ಹೋಗಿತ್ತು. ಇಂದು ಸೊಲ್ಲಾಪುರದ ಕಡೆಯಿಂದ ಬರುವ ಗಾಡಿಯಲ್ಲಿ ಹಿಂದಿರುಗುತ್ತಿದೆ. ಬರುತ್ತೇವೆಂದು ಮುಂಬಯಿಯಿಂದ ತಂತಿ ಬಂದಿದೆ. ಆಟ ಗೆದ್ದಿತೋ ಸೋತಿತೋ, ಆ ಸುದ್ದಿ ಮಾತ್ರ ತಂತಿಯಲ್ಲಿರಲಿಲ್ಲ.

ಅದಕ್ಕೇ ಶೇಖವ್ವನ ಕೈ ಒಂದು ಕ್ಷಣವೂ ಸುಮ್ಮನಿಲ್ಲ. ಆ ಮೇಳ ಎಲ್ಲಿ ಇಳಿಯಬೇಕು, ಎಲ್ಲಿ ಉಳಿಯಬೇಕು, ಯಾವ ರೈಲು ಹತ್ತಬೇಕು ಎಂದು ಹೊಂದಿಸಿದವಳು ಅವಳೇ.

ಅವಳದು ಹೆಸರೇ ಇಲ್ಲದ ಕಸುಬು. ನರಗುಂದದ ಭಜನೆಯವರು ಪಂಢರಪುರಕ್ಕೆ ಹೊರಡಲಿ, ಗಜೇಂದ್ರಗಡದ ನಾಟಕದವರು ಪರದೆ ಪೆಟ್ಟಿಗೆ ಸಮೇತ ಬಾಗಲಕೋಟೆಗೆ ಹೋಗಲಿ, ರೋಣದ ಪೈಲವಾನರು ಕೊಲ್ಹಾಪುರದ ಕುಸ್ತಿಗೆ ಹೋಗಲಿ, ಮೊದಲು ಶೇಖವ್ವನನ್ನು ಕರೆಸುತ್ತಾರೆ. ಗಂಟು ಕಟ್ಟಿಸುವುದು, ಬಿಡಾರ ಗೊತ್ತು ಮಾಡುವುದು, ನೀರು ಎಲ್ಲಿ ಒಲೆ ಎಲ್ಲಿ ಎಂದು ವಿಚಾರಿಸಿಡುವುದು, ಎಲ್ಲವೂ ಇವಳ ಪಾಲಿನದು. ಸುಗ್ಗಿಯಲ್ಲಿ ಜೋಳ, ಕಡಲೆ ತಂದು ಅಂಗಳದಲ್ಲಿ ಸುರಿಯುತ್ತಾರೆ. ಆಟ ಗೆದ್ದಾಗ ಹಾರ ಕುಣಿದವನಿಗೆ, ಹಾಡಿದವನಿಗೆ. ಗಂಟು ಕಟ್ಟಿದವಳಿಗೆ ಹಾರ ಹಾಕಿದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಗಂಡ ತೀರಿಕೊಂಡ ವರ್ಷವೂ, ಮೊಣಕಾಲು ಬಾತ ವರ್ಷವೂ ಅವಳು ಕಟ್ಟಿದ ಗಂಟು ದಾರಿಯಲ್ಲಿ ಬಿಚ್ಚಿದ್ದಿಲ್ಲ.

ಅವಳದೊಂದು ಕಟ್ಟಳೆಯಿದೆ: ರೈಲು ಇಳಿದ ದಿನ ಆಟವಿಲ್ಲ. ಈ ಕಟ್ಟಳೆಯ ಹಿಂದೊಂದು ಪೆಟ್ಟಿದೆ. ಕನಕಪ್ಪ ಇನ್ನೂ ಪ್ರಾಯದವನಾಗಿದ್ದಾಗ ಮಿರಜಿಗೆ ಕರೆ ಬಂದಿತ್ತು, ದಾರಿ ಹೊಂದಿಸಿದವಳು ಶೇಖವ್ವನೇ. ಜಡಿಮಳೆಯಲ್ಲಿ ರೈಲಿಳಿದು ನೇರ ಚಪ್ಪರಕ್ಕೆ ಹೋದರು. ಥಂಡಿಗೆ ಕರಡಿಯ ಚರ್ಮ ಸಡಿಲಾಗಿ, ಬಾರಿಸಿದರೆ ತೊಯ್ದ ಕಂಬಳಿ ಬಡಿದಂತೆ ಸದ್ದು. ಜನ ನಕ್ಕರು. ಕನಕಪ್ಪ ಕೋಲು ಕೆಳಗಿಟ್ಟು ತಲೆ ತಗ್ಗಿಸಿದ. "ಅವತ್ತ ಅವನ ಮಾರಿ ನೋಡಿದೆನ್ರಿ. ಬೈದಿದ್ರ ತಾಳಿಕೋತಿದ್ದೆ. ಒಂದ ಮಾತ ಆಡಲಿಲ್ಲ," ಎಂದು ಶೇಖವ್ವ ಹೇಳುವಾಗ ದನಿ ಇಳಿಯುತ್ತದೆ. ಅಂದಿನಿಂದ ಎಲ್ಲಿಗೆ ಹೋದರೂ ಕರಡಿಗೆ ಒಂದು ದಿನ ಬೆಚ್ಚಗಿನ ಜಾಗ. ಆಮೇಲೆಯೇ ಆಟ.

ಈ ವರ್ಷ ಯುಗಾದಿಯ ಸುಮಾರಿಗೆ ಯುರೋಪಿನ ಸಂಗೀತ ಮಂಡಳಿಯೊಂದು ಮೇಳವನ್ನು ಕರೆಯಿತು. ಮುಂಬಯಿಯ ಪ್ರವಾಸದ ಕಚೇರಿಯವರು ಯಾರೋ ಎಂಟು ಊರಿನ ಪಟ್ಟಿ ಮಾಡಿ ಕಳಿಸಿದರು. ಮಿಲಾನ್, ವೆನಿಸ್, ವಿಯೆನ್ನಾ, ಮ್ಯೂನಿಕ್, ಝೂರಿಚ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್. ಹೆಚ್ಚುಕಡಿಮೆ ದಿನಕ್ಕೊಂದು ಊರು. ರಾತ್ರಿ ರೈಲು, ಸಂಜೆ ಆಟ. ಬೆಳವಣಕಿಯೆಲ್ಲ ಹಿಗ್ಗಿತು. ರೋಣದ ಸಾಲೆಯಲ್ಲಿ ಇಂಗ್ಲಿಷ್ ಕಲಿಸುವ ಗುರುರಾಜ ಮಾಸ್ತರರು ದುಭಾಷಿಯಾಗಿ ಜೊತೆಗೆ ಹೊರಡುವವರು. ಹೊರಡುವ ಮೊದಲು ಶೇಖವ್ವನಿಗೊಮ್ಮೆ ಕೇಳಿಸಿಬಿಡೋಣ ಎಂದು ಅಲ್ಲಿಯ ರೈಲಿನ ವೇಳಾಪಟ್ಟಿ ತರಿಸಿಕೊಂಡು ಅವಳ ಪಡಸಾಲೆಗೆ ಬಂದರು.

ಓದು ಬಾರದ ಶೇಖವ್ವ ಎಂಟು ತಾಟು ತಂದು ನೆಲದ ಮೇಲೆ ಬೋರಲು ಹಾಕಿದಳು. ಒಂದೊಂದು ತಾಟು ಒಂದೊಂದು ಊರು. ನಡುವೆ ನೂಲು ಹಾಸಿದಳು, ದೂರದ ದಾರಿಗೆ ಉದ್ದ ನೂಲು. ರೈಲು ಬದಲಿಸುವಲ್ಲಿ ಒಂದೊಂದು ಹುಣಸೆಬೀಜ.

"ಇಲ್ಲಿ ಇಳದು ಅಲ್ಲಿ ಹತ್ತಾಕ ಎಷ್ಟ ಹೊತ್ತು ಐತ್ರಿ, ಮಾಸ್ತರ?"

"ಹನ್ನೆರಡು ನಿಮಿಷ ಅದ."

"ಕರಡಿ ಹೊತ್ತಾಂವ ಕನಕಪ್ಪ. ಆ ಹನ್ನೆರಡು ನಿಮಿಷ ಅವನ ಮಣಕಾಲಿಗೆ ತಿಳಿಸಿ ಹೇಳ್ರಿ ನೋಡೋಣ."

ಮಾಸ್ತರರು ನಕ್ಕು ಮುಂದೆ ಓದಿದರು. ಪ್ಯಾರಿಸ್ಸಿನಲ್ಲಿ ಒಂದು ಸ್ಟೇಶನ್ನಿನಲ್ಲಿ ಇಳಿದು ಊರ ಆಚೆಯ ಇನ್ನೊಂದು ಸ್ಟೇಶನ್ನಿನಲ್ಲಿ ಹತ್ತಬೇಕು ಎಂಬುದನ್ನು ಕಂಡುಹಿಡಿದವರು ಅವರೇ. "ಹಂಗಾರ ನಡುವ ಟಾಂಗಾ ಬೇಕು. ಟಾಂಗಾ ಅಂದ್ರ ಮಾತುಕತಿ. ಮಾತುಕತಿ ಅಂದ್ರ ಅರ್ಧ ತಾಸು," ಎಂದಳು ಶೇಖವ್ವ. ಗಡಿಯಲ್ಲಿ ಪೆಟ್ಟಿಗೆ ತೆರೆದು ನೋಡುತ್ತಾರೆ ಎಂದಾಗ, "ನಾಕಾ ಕಟ್ಟಿ ಇದ್ದಂಗ. ಕರಡಿ ಹೊಟ್ಟ್ಯಾಗ ಏನೈತಿ ಅಂತ ಕೇಳೇ ಕೇಳತಾರ," ಎಂದು ಅದಕ್ಕೂ ಹೊತ್ತು ಎತ್ತಿಟ್ಟಳು. ಅಮಾವಾಸ್ಯೆಯ ದಿನ ಮೇಳದವರು ಕರಡಿ ಹೊರಗೆ ತೆಗೆಯುವುದಿಲ್ಲ. ಪಂಚಾಂಗ ನೋಡಿದರೆ ಅದು ಝೂರಿಚ್ಚಿಗೆ ಬಿದ್ದಿತ್ತು.

"ಅಲ್ಲೀ ಅಮಾಸಿನೂ ಇದ ಅಮಾಸಿ ಏನ್ರಿ?" ಎಂದು ಶಹನಾಯಿಯ ಉಸ್ಮಾನಸಾಬ ಮೂಲೆಯಿಂದ ಕೇಳಿದ.

"ಚಂದ್ರ ಒಬ್ಬನ ಅಲ್ಲೇನೋ, ಸಾಬಾ. ಅವಂಗ ಪಾಸಪೋರ್ಟ ಬ್ಯಾಡ," ಎಂದಳು ಶೇಖವ್ವ.

ಕೊನೆಗೆ ಒಂದೊಂದು ತಾಟಿನ ಮೇಲೂ ಕರಡಿ ಬೆಚ್ಚಗಿರುವ ದಿನಕ್ಕೆಂದು ಒಂದೊಂದು ಬೆಲ್ಲದ ಹರಳು ಇಡುತ್ತ ಬಂದಳು. ಮಂಡಳಿಯವರು ಕೊಟ್ಟ ದಿನಗಳು ನಾಲ್ಕನೇ ತಾಟಿಗೇ ತೀರಿದವು. ವಿಯೆನ್ನಾಕ್ಕೆ ಹೋದರೆ ಮತ್ತೆ ಪಡುವಣಕ್ಕೆ ಅಷ್ಟೇ ದೂರ ತಿರುಗಿ ಬರಬೇಕು ಎಂದು ಮಾಸ್ತರರೂ ಒಪ್ಪಿದರು. ಹಡಗು ಜಿನೋವಾದಲ್ಲಿ ಇಳಿಸುತ್ತದೆ. ಅಲ್ಲಿಂದ ಮಿಲಾನ್, ಪರ್ವತದ ಸುರಂಗ ದಾಟಿ ಝೂರಿಚ್, ಆಮೇಲೆ ಪ್ಯಾರಿಸ್, ಬ್ರಸೆಲ್ಸ್. ಹಿಂದಿರುಗಲು ಮಾರ್ಸೇಲ್ಸ್ ಬಂದರು. ಬಂದ ದಾರಿಯನ್ನೇ ಮತ್ತೆ ತುಳಿಯುವುದು ಬೇಡ. ಉಳಿದ ನಾಲ್ಕು ತಾಟು ಶೇಖವ್ವ ಒಳಗಿಟ್ಟಳು.

ಊರಲ್ಲಿ ಸಿಡಿಲು ಬಿದ್ದಂತಾಯಿತು. ಎಲ್ಲರಿಗಿಂತ ಹೆಚ್ಚು ಉರಿದವಳು ಕನಕಪ್ಪನ ಹೆಂಡತಿ ಗೌರವ್ವ. ಬಾವಿಯ ಕಟ್ಟೆಯ ಮೇಲೆ ಎಲ್ಲರೆದುರು ಅಂದಳು: "ದೇವರು ಎಂಟು ಬಾಗಲಾ ತಗದ. ಈಕಿ ನಾಕಕ್ಕ ಕೀಲಿ ಹಾಕಿದಳು. ನನ್ನ ಗಂಡಗ ಇನ್ನೊಮ್ಮೆ ಹೋಗೂ ವಯಸ್ಸೈತೇನ?"

ಶೇಖವ್ವ ಕೊಡ ಕೆಳಗಿಟ್ಟಳು. "ಗೌರವ್ವಾ, ನಾಕೂರಾಗ ಕರಡಿ ಮಾತಾಡಲಿಲ್ಲ ಅಂದ್ರ, ಇನ್ನ ಮ್ಯಾಲ ನಾನು ಯಾರ ಗಂಟೂ ಕಟ್ಟೂದಿಲ್ಲ. ಬಸವಣ್ಣನ ಆಣಿ."

ನಾಲ್ಕೇ ಊರು ಎಂದು ಮಂಡಳಿಗೆ ಬರೆದ ಮಾಸ್ತರರು ಹತ್ತು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಮಂಡಳಿ ಒಲ್ಲದ ಮನಸ್ಸಿನಿಂದ ಒಪ್ಪಿತು. ಮೇಳ ಹೊರಟಿತು. ಗೌರವ್ವ ಶೇಖವ್ವನೊಡನೆ ಮಾತು ಬಿಟ್ಟಳು.

ಈಗ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ಅದೇ ಗೌರವ್ವ ಸೆರಗು ಹೊದ್ದು ನಿಂತಿದ್ದಾಳೆ. ಊರಿನ ಅರ್ಧ ಜನ ಬಂದಿದೆ. ಸಿಗ್ನಲ್ಲಿನ ಕೈಮರ ಬೀಳುತ್ತದೆ. ಶೇಖವ್ವ ಬಂಡಿಯ ತಟ್ಟನ್ನು ಮತ್ತೊಮ್ಮೆ ಒತ್ತಿ ನೋಡುತ್ತಾಳೆ, ಒಣಗಿದ್ದನ್ನೇ.

ಗಾಡಿ ನಿಲ್ಲುತ್ತದೆ. ಮೊದಲು ಇಳಿದವನು ಉಸ್ಮಾನಸಾಬ. ತಲೆಯ ಮೇಲೆ ವಿಲಾಯತಿ ಟೊಪ್ಪಿಗೆ. "ಶೇಖವ್ವಾ, ನಿನ್ನ ಬೆಲ್ಲದ ಹರಳು ಗೆದ್ದವು!" ಎಂದು ಕೂಗುತ್ತಾನೆ. ಒಬ್ಬರ ಮಾತನ್ನೊಬ್ಬರು ಕಸಿಯುತ್ತ ಇಳಿಯುತ್ತಾರೆ. ಮಿಲಾನ್‌ನಲ್ಲಿ ಬಿಡಾರದ ಪಕ್ಕದ ಬ್ರೆಡ್ಡಿನ ಭಟ್ಟಿಯವನು ಕರಡಿಯನ್ನು ಕೂಸಿನಂತೆ ಒಳಗೆ ಕರೆದುಕೊಂಡು ಬೆಚ್ಚಗಿನ ಮೂಲೆಯಲ್ಲಿ ಮಲಗಿಸಿದನಂತೆ. ಝೂರಿಚ್ಚಿನಲ್ಲಿ ಬಟ್ಟೆಗೆ ಇಸ್ತ್ರಿ ಮಾಡುವ ಕೋಣೆಯ ಮುದುಕಿ ತನ್ನ ಶಾಲು ಹೊದಿಸಿದಳಂತೆ.

"ಪ್ಯಾರಿಸ್ಸಿನ್ಯಾಗ ಮಂದಿ ಎದ್ದು ನಿಂತ್ರು, ಶೇಖವ್ವ. ನಾನು ಬೆಂಕಿ ಬಿತ್ತೇನೋ ಅಂತ ಅಂಜಿದೆ," ಎನ್ನುತ್ತಾನೆ ತಾಳದ ಹೂವಪ್ಪ. "ಚಪ್ಪಾಳಿ ಅದು! ಮತ್ತ ಬಾರಸು ಅಂತ. ದೀಪಾ ಆರಿಸಿದ್ರೂ ಹೋಗವಲ್ರು."

ಗುರುರಾಜ ಮಾಸ್ತರರು ನಿಧಾನವಾಗಿ, ಪ್ರತಿ ಮಾತಿಗೂ ತೂಕ ಕೊಟ್ಟು ಹೇಳುತ್ತಾರೆ. "ಬ್ರಸೆಲ್ಸಿನಾಗ ಜಡಿಮಳಿ ಇತ್ರಿ. ಬ್ಯಾರೆ ದೇಶದ ಡೋಲಿನವರು ಅವತ್ತ ಸಂಜಿಗೆ ರೈಲು ಇಳಿದು ಬಂದಿದ್ರು. ಅವರ ಡೋಲು ಸದ್ದ ಮಾಡವಲ್ದು. ಪಾಪ, ಹುಡುಗರು, ಅಳೂ ಹಂಗ ಆಗಿದ್ರು. ಕನಕಪ್ಪ ಏನು ಮಾಡಿದಾ ಅಂತೀರಿ? ಅಡಗಿಮನಿ ಒಲಿ ಮುಂದ ಬೆಚ್ಚಗಿದ್ದ ನಮ್ಮ ಕರಡಿ ಸರಿಸಿ, ಅವರ ಡೋಲಿಗೆ ಜಾಗಾ ಕೊಟ್ಟ. ನಾವು ಮೊದಲು ಬಾರಿಸ್ತೀವಿ, ಅಷ್ಟರಾಗ ಇದು ಕಾಯ್ತದ ಅಂತ ಕೈಸನ್ನಿ ಮಾಡಿದ. ಮಂಡಳಿಯವರು ನೋಡಿಕೋತ ನಿಂತಿದ್ರು. ಮರುದಿನ ಕರದು ಹೇಳಿದ್ರು: ಬಿಟ್ಟ ನಾಕೂ ಊರಿಗೆ ಬರೋ ವರ್ಷ ಬರ್ರಿ. ಎಲ್ಲಾ ಮೇಳಕ್ಕೂ ಹಿಂಗ ಒಂದು ದಿನಾ ಬಿಟ್ಟು ದಾರಿ ಹಾಕ್ತೀವಿ ಅಂತ."

ಶೇಖವ್ವ ಎರಡೂ ಕೈ ಸೆರಗಿಗೆ ಒರೆಸಿಕೊಂಡು ಕನಕಪ್ಪನ ಕಡೆ ನೋಡುತ್ತಾಳೆ. ಅವನು ಕರಡಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದಾನೆ.

"ಇಳಿದ ದಿನ ಆಟ ಇಲ್ಲೋ, ಕನಕಪ್ಪಾ!"

"ಇದು ಆಟ ಅಲ್ಲ ಬಿಡ, ಯವ್ವಾ. ಬಂದೇನಿ ಅಂತ ಹೇಳೂದು," ಎಂದು ಅವನು ಕೋಲು ಎತ್ತುತ್ತಾನೆ.

ಮೊದಲ ಪೆಟ್ಟಿಗೆ ಸ್ಟೇಶನ್ನಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಏಳುತ್ತವೆ. ಉಸ್ಮಾನಸಾಬ ಟೊಪ್ಪಿಗೆಯನ್ನು ಹಿಂದೆ ಸರಿಸಿ ಶಹನಾಯಿ ತುಟಿಗಿಡುತ್ತಾನೆ. ಸ್ಟೇಶನ್ ಮಾಸ್ತರರು ಹಸಿರು ಬಾವುಟ ಕಂಕುಳಲ್ಲಿಟ್ಟು ಮರೆತುಬಿಡುತ್ತಾರೆ. ಗಾಡಿಯ ಕಿಟಕಿಗಳಲ್ಲೆಲ್ಲ ತಲೆಗಳು. ಡ್ರೈವರನೂ ಎಂಜಿನ್ನಿನಿಂದ ಬಾಗಿ ತಾಳ ಹಾಕುತ್ತಾನೆ. ಆ ಸದ್ದು ಹೆಸರು ಹೊಲಗಳ ಮೇಲೆ ಬೆಳವಣಕಿಯ ಕಡೆಗೆ ಉರುಳುತ್ತ ಹೋಗುತ್ತದೆ.

ಮುಂದಿನ ವರ್ಷಕ್ಕೆ ನಿನಗೇನು ಬೇಕು ಎಂದು ಯಾರೋ ಶೇಖವ್ವನನ್ನು ಕೇಳುತ್ತಾರೆ. "ಆ ಭಟ್ಟಿಯಾಂವಗ, ಆ ಇಸ್ತ್ರಿ ಮುದುಕಿಗೆ ನಮ್ಮ ಕಡೀ ಕರದಂಟ ಒಯ್ಯಬೇಕ್ರಿ. ಈ ಸಲ ಅದನ್ನ ಗಂಟಿನಾಗ ಹಾಕಿರಲಿಲ್ಲ. ಯಾರು ಆಸರಾ ಕೊಡತಾರ ಅಂತ ನನಗ ಮೊದಲ ಗೊತ್ತಿರಲಿಲ್ಲಲಾ," ಎನ್ನುತ್ತಾಳೆ.

ಜನ ಬಂಡಿಗಳ ಹಿಂದೆ ಕುಣಿಯುತ್ತ ಹೊರಡುತ್ತದೆ. ಹಾರವೆಲ್ಲ ಕನಕಪ್ಪನ ಕೊರಳಲ್ಲಿ. ಶೇಖವ್ವ ಮಾತ್ರ ವಾಡಿಕೆಯಂತೆ ಹಿಂದೆ ಉಳಿದು, ಪ್ಲಾಟ್‌ಫಾರ್ಮಿನ ಮೇಲೆ ಏನಾದರೂ ಬಿಟ್ಟುಹೋಗಿದೆಯೇ ಎಂದು ಬಗ್ಗಿ ನೋಡುತ್ತ ನಡೆಯುತ್ತಾಳೆ. ತಲೆ ಎತ್ತಿದರೆ ಎದುರಿಗೆ ಗೌರವ್ವ. ಅವಳ ಗಂಡ ಇರುವ ಬಂಡಿ ಆಗಲೇ ತಿರುವು ದಾಟಿದೆ. ಗೌರವ್ವ ಕಂಕುಳಲ್ಲಿದ್ದ ಬುತ್ತಿಯನ್ನು ಮುಂದೆ ಹಿಡಿಯುತ್ತಾಳೆ. ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಇನ್ನೂ ಬೆಚ್ಚಗಿದೆ, ಜೊತೆಗೆ ಕಡಲೆಹಿಟ್ಟಿನ ಜುಣಕ, ಎಲೆಯಲ್ಲಿ ಕಟ್ಟಿದ ಗಟ್ಟಿ ಮೊಸರು. ಶೇಖವ್ವ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾಳೆ. ಗೌರವ್ವ ಕಲ್ಲುಬೆಂಚನ್ನು ಸೆರಗಿನಿಂದ ಒರೆಸಿ, ಅವಳಿಗೆ ಕೂರಲು ಜಾಗ ಮಾಡುತ್ತಾಳೆ.