ಓಣಿ ತಡೆದ ಸೀನು

ಪಕ್ಕದ ಮನೆಯ ಹಿತ್ತಲಲ್ಲಿ ಇವತ್ತು ಬೆಳಿಗ್ಗೆ ಮೆಣಸಿನಕಾಯಿ ಹುರಿದರು. ಘಾಟು ಗೋಡೆ ದಾಟಿ ಬಂತು. ಒಂದರ ಹಿಂದೊಂದು ಏಳು ಸೀನು. ಎಣಿಸುವಷ್ಟು ಪುರುಸೊತ್ತಿರುವ ಮುದುಕ ನಾನು. ಪತ್ರಿಕೆ ಓದೋಣವೆಂದರೆ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಡಾಕ್ಟರು ತೆಗೆಸಿಕೊಳ್ಳಿ ಎನ್ನುತ್ತಾರೆ, ನಾನು ಬರುವ ತಿಂಗಳು ಎನ್ನುತ್ತೇನೆ. ನಮ್ಮ ದೊಡ್ಡವ್ವನ ಧೈರ್ಯ ನನಗೆ ಬರಲಿಲ್ಲ.

ದೊಡ್ಡವ್ವನೆಂದರೆ ನನ್ನ ತಾಯಿಯ ಅಕ್ಕ, ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಆಗ ನಿಜಾಮರ ಕಾಲ, ನಾನು ಯಲಬುರ್ಗಾದ ತಹಶೀಲ ಕಚೇರಿಯಲ್ಲಿ ಗುಮಾಸ್ತ. ಊರೂರು ತಿರುಗುವ ಸೂಜಿ ವೈದ್ಯನೊಬ್ಬ ಅವಳ ಎಡಗಣ್ಣಿನ ಪೊರೆ ಸರಿಸಲು ಹೋಗಿ ಕಣ್ಣನ್ನೇ ಕಳೆದಿದ್ದ. ಬಲಗಣ್ಣೂ ಮಂಜಾದಾಗ ಗಾಡಿ ಕಟ್ಟಿ ಕೊಪ್ಪಳಕ್ಕೆ ಹೋಗಿ, ರೈಲು ಹತ್ತಿ, ದೂರದ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿದೆ. ಮನೆಗೆ ಕಳಿಸುವಾಗ ಡಾಕ್ಟರು, "ನನ್ನ ಕೆಲಸ ಮುಗೀತು, ಇನ್ನೊಂದು ತಿಂಗಳು ನಿಮ್ಮದು" ಎಂದರು. ತಲೆ ಬಗ್ಗಿಸಬಾರದು, ಹೊಗೆ ಕೂಡದು, ಮುಂಜಾನೆ ಸಂಜೆ ಹನಿ ಹಾಕಬೇಕು, ತಿಂಗಳಿಗೆ ಕರೆತಂದು ತೋರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸೀನಬಾರದು. ಗಾಯಕ್ಕೆ ಹೊಲಿಗೆ ಹಾಕಿರಲಿಲ್ಲ. ಜೋರಾಗಿ ಸೀನಿದರೆ ಬಿರಿದು, ಉಳಿದ ಆ ಒಂದು ಕಣ್ಣೂ ಹೋದೀತು.

ನೋಡಿ, ನಾವು ಊರಿಗೆ ಬಂದದ್ದು ವರ್ಷದ ಖಾರ ಕುಟ್ಟುವ ದಿನಗಳಲ್ಲಿ! ಮಾಳಿಗೆಗಳ ಮೇಲೆಲ್ಲ ಕೆಂಪು ಮೆಣಸಿನಕಾಯಿ. ನಮ್ಮ ಬಾಗಿಲಿನ ಎದುರಿಗೇ ಓಣಿಯ ಒರಳು. ನಾನು ಕಚೇರಿಯವನಲ್ಲವೆ, ರುಮಾಲು ಸುತ್ತಿಕೊಂಡು ಓಣಿಯ ನಡುವೆ ನಿಂತು ಹುಕುಂ ಹೊರಡಿಸಿದೆ: ಒಂದು ತಿಂಗಳು ಖಾರ ಕುಟ್ಟುವುದು, ಹುರಿಯುವುದು, ಮೆಣಸಿನಕಾಯಿ ಒಗ್ಗರಣೆ ಎಲ್ಲ ಬಂದ್. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸ್ವಲ್ಪ ಹೊತ್ತಿಗೆ ಒನಕೆಯ ಸದ್ದು ಕೇಳಿತು.

ಕೊನೆಗೆ ಕೆಲಸ ಸಾಧಿಸಿದವಳು ಎದುರು ಮನೆಯ ಗೌರವ್ವ. "ಖಾರ ಇಲ್ಲದ ಸಂಸಾರ ನಡಿಯೂದಿಲ್ರಿ ಗುಮಾಸ್ತರ. ಬ್ಯಾಡ ಅನಬ್ಯಾಡ್ರಿ, ಎಲ್ಲಿ ಅಂತ ಹೇಳ್ರಿ" ಎಂದಳು. ಊರ ಹೊರಗೆ ಗುಡಿಯ ಹಿಂದೆ ಇನ್ನೊಂದು ಒರಳಿತ್ತು. ಎಲ್ಲರ ಮೆಣಸಿನಕಾಯಿಯನ್ನೂ ಅಲ್ಲಿಗೆ ಹೊರಿಸಿದಳು. ದಿನಾ ಬೆಳಿಗ್ಗೆ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡುವಳು. ಗಾಳಿ ನಮ್ಮ ಮನೆಯ ಕಡೆಗಿದ್ದರೆ ಅವತ್ತು ಒನಕೆ ಎತ್ತುವಂತಿಲ್ಲ. ಓಣಿಯೊಳಗೆ ಒಗ್ಗರಣೆಗೆ ಸಾಸಿವೆ, ಬೆಳ್ಳುಳ್ಳಿ ಅಷ್ಟೆ. ಸಪ್ಪೆ ಸಾರಿಗೆ ಗಂಡ ಗೊಣಗಿದರೆ, "ಆಕಿ ಕಣ್ಣು ಬರೂತನಕ ಹಿಂಗ, ಉಣ್ರಿ" ಎನ್ನುತ್ತಿದ್ದಳಂತೆ. ದೊಡ್ಡವ್ವನ ತಲೆ ಬಾಚುವ ಪಾಳಿ, ಗಂಜಿ ಕಾಸುವ ಪಾಳಿ ಎಲ್ಲ ಮನೆಮನೆಗೆ ಹಂಚಿದಳು. ನನ್ನ ಪಾಲಿಗೆ ಬಂದದ್ದು ಕಣ್ಣಿನ ಹನಿ ಒಂದೇ.

ಅದರಲ್ಲೇ ಎಡವಿದೆ. ಆಗ ನನಗೆ ನಶ್ಯದ ಚಟ. ಇಪ್ಪತ್ತನೆಯ ದಿನವೋ ಏನೋ, ಒಂದು ಚಿಟಿಕೆ ಏರಿಸಿಕೊಂಡು ಹಾಗೇ ಬಂದು ಅವಳ ಮುಖದ ಮೇಲೆ ಬಾಗಿದೆ. ಮೀಸೆಯಿಂದ ಪುಡಿ ಉದುರಿರಬೇಕು. ಅವಳ ಮೂಗಿನ ಹೊಳ್ಳೆ ಅರಳಿತು. ದವಾಖಾನೆಯಲ್ಲಿ ಕಲಿಸಿದಂತೆ ಮೇಲ್ದುಟಿ ಒತ್ತಿ ಹಿಡಿದಳು. ಆದರೂ ಸಣ್ಣದೊಂದು ಸೀನು ಹೊರಬಿತ್ತು.

"ಓಣಿಗೆಲ್ಲಾ ಹುಕುಂ ಮಾಡಿದಿ, ನಿನ್ನ ಮೂಗಿಗೆ ಮಾಡೂದು ಮರತೇನಪಾ?" ಎಂದಳು ದೊಡ್ಡವ್ವ. ಅವಳು ನಗುತ್ತಲೇ ಅಂದಳು, ನನಗೆ ಅಳು ಬಂತು. ನಶ್ಯದ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗಿತ್ತು. ಗೌರವ್ವನ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. "ಇನ್ನ ಹತ್ತು ದಿನ ಅದಾವ. ನಾಳಿಂದ ಹನಿ ನಾ ಹಾಕ್ತೀನಿ. ನೀವು ಮಣ್ಣು ತೂರಿ ಗಾಳಿ ನೋಡ್ರಿ" ಎಂದಳು.

ಹತ್ತು ದಿನ ಗಾಳಿ ನೋಡಿದೆ. ಆಗೆಲ್ಲ ಪೊರೆ ತೆಗೆದ ಕಣ್ಣಿಗೆ ದಪ್ಪ ಕನ್ನಡಕ ಬೇಕಿತ್ತು; ಅದನ್ನು ಹಾಕಿ ನೋಡುವವರೆಗೆ ಕಣ್ಣು ಉಳಿಯಿತೋ ಹೋಯಿತೋ ತಿಳಿಯುವಂತಿರಲಿಲ್ಲ. ತಿಂಗಳಿಗೆ ಸರಿಯಾಗಿ ಮತ್ತೆ ರೈಲು, ಮತ್ತೆ ದವಾಖಾನೆ. ಡಾಕ್ಟರು ಕನ್ನಡಕ ಏರಿಸಿದರು. ದೊಡ್ಡವ್ವ ಗೋಡೆ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ಬಹಳ ಹೊತ್ತು ನನ್ನ ಮುಖ ನೋಡಿದಳು.

"ಮೀಸಿ ತೊಳಕೊಂಡಿ. ಛಲೋ ಆತು."

ಅವಳು ಬದುಕಿರುವವರೆಗೆ ನಾನು ನಶ್ಯ ಮುಟ್ಟಲಿಲ್ಲ. ಆಮೇಲಿನ ಮಾತು ಬೇಡ.

ಇವತ್ತು ನನ್ನ ಏಳನೆಯ ಸೀನಿಗೆ ಪಕ್ಕದ ಮನೆಯ ಸೊಸೆ ಗೋಡೆಯ ಮೇಲಿಂದ ಇಣುಕಿದಳು. "ಘಾಟಾತೇನ್ರಿ ಅಜ್ಜಾರ? ಹುರಿಯೂದು ಬಿಡ್ಲೇನ್ರಿ?"

"ಬ್ಯಾಡವಾ, ಈ ವಾರದಾಗ ಎಲ್ಲಾ ಹುರದು ಮುಗಸು" ಎಂದೆ. "ಸೋಮವಾರ ನಾ ಕಣ್ಣು ಮಾಡಿಸ್ಕೊಳ್ಳಾಕ ಹೊಂಟೀನಿ. ಆಮ್ಯಾಲ ನೀ ಗಾಳಿ ನೋಡಿ ಹುರೀಬೇಕಾಗತೈತಿ."